ಬೆಟ್ಟದ ಮೇಲಿನ ಬಿಳಿ ಗೆರೆ, ಎದೆ ನಡುಗಿಸಿದ ಸದ್ದು: ನೀವು ಕಂಡದ್ದು ರಾಕೆಟ್ ವಿಮಾನವೇ?

ರಾಮನಗರದ ಬೆಟ್ಟಗಳ ಮೇಲಾಗಲಿ, ಮಾಗಡಿ ಕಡೆಯ ರಾಗಿ ಹೊಲದ ಮೇಲಾಗಲಿ, ತಿಳಿ ಆಕಾಶದಲ್ಲಿ ಉದ್ದನೆಯ ಬಿಳಿ ಗೆರೆ ಎಳೆಯುತ್ತ ಏನಾದರೂ ಸಾಗಿದರೆ ಮಕ್ಕಳ ಬಾಯಲ್ಲಿ ಬರುವ ಮಾತು ಒಂದೇ: “ರಾಕೆಟ್ ಹೋಯ್ತು, ರಾಕೆಟ್!” ನಮ್ಮಲ್ಲಿ ಬಹಳ ಜನ ಹಾಗೆ ಕೂಗಿಕೊಂಡೇ ಬೆಳೆದವರು. ಅವರಲ್ಲಿ ಕೆಲವರು ಮುಂದೆ ವಿಮಾನಗಳ ಹುಚ್ಚು ಹಿಡಿಸಿಕೊಂಡು, ಯಲಹಂಕದ ಏರ್ ಶೋ ತಪ್ಪಿಸದೆ ನೋಡುವ, ಇಸ್ರೋ ಉಡಾವಣೆಗೆ ಬೆಳಗ್ಗೆ ಬೇಗ ಎದ್ದು ಕೂರುವ ಹವ್ಯಾಸಿಗಳಾಗುತ್ತಾರೆ. ಅವರ ಮಾತಿನಲ್ಲಿ ಹಳೆಯ ನೆನಪುಗಳು ಬರುತ್ತಿರುತ್ತವೆ. “ಢಂ ಅಂತ ಸದ್ದಾಯ್ತು, ತಲೆ ಎತ್ತಿದ್ರೆ ರಾಕೆಟ್ ಥರದ ವಿಮಾನ ಹೋಗ್ತಾ ಇತ್ತು.”

ಈ ನೆನಪಿನಲ್ಲಿ ಸದ್ದು ನಿಜ, ಗೆರೆ ನಿಜ, ವಿಮಾನವೂ ನಿಜ. ಆದರೆ ಈ ಮೂರೂ ಒಂದೇ ಘಟನೆಗೆ ಸೇರಿದವೇ? ಬಹುಪಾಲು ಸಲ ಇಲ್ಲ. ಹೇಗೆ ಎಂದು ಒಂದೊಂದಾಗಿ ನೋಡೋಣ. ಕಲ್ಲುಕ್ವಾರಿಗಳಿರುವ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಸದ್ದಿನ ಮೂಲವನ್ನು ತಪ್ಪಾಗಿ ಗುರುತಿಸಿದರೆ ಅದರ ಬೆಲೆ ದೊಡ್ಡದು.

ಮೊದಲು, ರಾಕೆಟ್ ವಿಮಾನ ಎಂದರೇನು?

ಸಾಮಾನ್ಯ ಜೆಟ್ ಎಂಜಿನ್ ಸುತ್ತಲಿನ ಗಾಳಿಯನ್ನು ಒಳಗೆಳೆದುಕೊಂಡು, ಅದರಲ್ಲಿರುವ ಆಮ್ಲಜನಕದಿಂದ ಇಂಧನ ಉರಿಸುತ್ತದೆ. ರಾಕೆಟ್ ಎಂಜಿನ್‌ಗೆ ಹೊರಗಿನ ಗಾಳಿ ಬೇಕಿಲ್ಲ. ಇಂಧನದ ಜೊತೆ ಅದನ್ನು ಉರಿಸುವ ಆಮ್ಲಜನಕವನ್ನೂ ಅದು ಹೊತ್ತೊಯ್ಯುತ್ತದೆ. ಆದ್ದರಿಂದ ಗಾಳಿ ತೀರಾ ತೆಳುವಾದ ಎತ್ತರದಲ್ಲೂ ಕೆಲಸ ಮಾಡುತ್ತದೆ, ಆದರೆ ಹೊತ್ತದ್ದು ಬೇಗ ಖಾಲಿಯಾಗುತ್ತದೆ.

ರೆಕ್ಕೆಯಿರುವ ವಿಮಾನಕ್ಕೆ ಇಂಥ ಎಂಜಿನ್ ಕೂರಿಸಿದ ಪ್ರಯೋಗಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಎಕ್ಸ್-15. 1959ರಿಂದ 1968ರವರೆಗೆ ಮೂರು ವಿಮಾನ, 12 ಪೈಲಟ್‌ಗಳು, 199 ಹಾರಾಟ. ಮುಂದೆ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಅದನ್ನು ಏಳು ಸಲ ಹಾರಿಸಿದ್ದರು. ಇದು ನೆಲದಿಂದ ತಾನಾಗಿ ಏಳುತ್ತಿರಲಿಲ್ಲ. ಬಿ-52 ಎಂಬ ದೊಡ್ಡ ವಿಮಾನ ಇದನ್ನು ರೆಕ್ಕೆಯ ಕೆಳಗೆ ಕಟ್ಟಿಕೊಂಡು ಸುಮಾರು 13.7 ಕಿ.ಮೀ. ಎತ್ತರಕ್ಕೆ ಒಯ್ದು ಬಿಡುತ್ತಿತ್ತು. ಅಮೋನಿಯಾ ಮತ್ತು ದ್ರವ ಆಮ್ಲಜನಕ ಉರಿಸುವ ಎಂಜಿನ್ ಒಂದೂವರೆ ನಿಮಿಷದ ಆಸುಪಾಸು ಮಾತ್ರ ನಡೆಯುತ್ತಿತ್ತು. ಆಮೇಲೆ ಎಂಜಿನ್ ಬಲವಿಲ್ಲದೆ ತೇಲಿ ಬಂದು ಒಣಗಿದ ಕೆರೆಯಂಗಳದ ಮೇಲೆ ಇಳಿಯುತ್ತಿತ್ತು. 1967ರ ಅಕ್ಟೋಬರ್ 3ರಂದು ವಿಲಿಯಂ ನೈಟ್ ಅದನ್ನು ಗಂಟೆಗೆ 7,274 ಕಿ.ಮೀ. ವೇಗದಲ್ಲಿ, ಅಂದರೆ ಶಬ್ದದ ವೇಗದ 6.7 ಪಟ್ಟು ವೇಗದಲ್ಲಿ ಹಾರಿಸಿದರು. ಮನುಷ್ಯ ಒಳಗೆ ಕುಳಿತು ಎಂಜಿನ್ ಬಲದಿಂದ ಹಾರಿಸಿದ ವಿಮಾನಗಳಲ್ಲಿ ಆ ದಾಖಲೆ ಇನ್ನೂ ಹಾಗೆಯೇ ಉಳಿದಿದೆ.

ಇಂಥ ವಿಮಾನ ನಮ್ಮ ತಲೆಯ ಮೇಲೆ ಹಾರಿಲ್ಲ. ಬಿಳಿ ಗೆರೆ ಎಳೆಯುವುದು ಪ್ರಯಾಣಿಕರ ಜೆಟ್ ವಿಮಾನ. ಎಂಜಿನ್‌ನಿಂದ ಹೊರಬರುವ ಬಿಸಿ ಹೊಗೆಯಲ್ಲಿ ನೀರಾವಿ ಇರುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಚಳಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ಇಳಿದಿರುತ್ತದೆ. ಆ ನೀರಾವಿ ಅಲ್ಲೇ ಸಣ್ಣ ಹಿಮದ ಹರಳುಗಳಾಗಿ ಗೆರೆಯಂತೆ ಕಾಣುತ್ತದೆ. ಗೆರೆಗೂ ರಾಕೆಟ್‌ಗೂ ಸಂಬಂಧವಿಲ್ಲ, ಗೆರೆಗೂ ‘ಢಂ’ ಸದ್ದಿಗೂ ಸಂಬಂಧವಿಲ್ಲ. ಪ್ರಯಾಣಿಕರ ವಿಮಾನಗಳು ಶಬ್ದಕ್ಕಿಂತ ನಿಧಾನವಾಗಿಯೇ ಹಾರುತ್ತವೆ.

ಹಾಗಾದರೆ ನಮ್ಮ ಸುತ್ತ ಹಾರಿದ್ದು ಯಾವುದು?

ಹಿರಿಯ ಹವ್ಯಾಸಿಗಳ ನೆನಪಿನಲ್ಲಿ ಮೊದಲು ಬರುವ ಹೆಸರು ಮಾರುತ್. ಜರ್ಮನಿಯ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ (ಇಂದಿನ ಎಚ್‌ಎಎಲ್) ರೂಪುಗೊಂಡ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಇದೇ ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲಿ ಅಪಘಾತವಾಗಿ ಅವರು ತೀರಿಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು.

“ಮಾರುತ್ ಶಬ್ದಕ್ಕಿಂತ ವೇಗವಾಗಿ ಹಾರುತ್ತಿತ್ತು” ಎನ್ನುವುದು ಹಲವರ ನೆನಪು. ವಿನ್ಯಾಸದ ಗುರಿ ಶಬ್ದದ ಎರಡು ಪಟ್ಟು ವೇಗವೇ ಆಗಿತ್ತು. ಆದರೆ ಅದಕ್ಕೆ ತಕ್ಕ ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಸಿಕ್ಕ ಎಂಜಿನ್‌ನಲ್ಲಿ ಸಮತಟ್ಟಾಗಿ ಹಾರುವಾಗ ಅದು ಶಬ್ದದ ವೇಗವನ್ನು ದಾಟಲಾಗಲಿಲ್ಲ. ಗುರಿ ಮತ್ತು ಸಾಧನೆ ನೆನಪಿನಲ್ಲಿ ಒಂದಾಗಿಬಿಟ್ಟಿವೆ. ಬೆಂಗಳೂರಿನಲ್ಲೇ ರೂಪುಗೊಂಡು ಆ ವೇಗವನ್ನು ನಿಜಕ್ಕೂ ದಾಟಿದ ಯುದ್ಧವಿಮಾನ ತೇಜಸ್. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ 2003ರ ಆಗಸ್ಟ್ 1ರಂದು ಮೊದಲ ಬಾರಿ ಶಬ್ದದ ವೇಗ ಮೀರಿತು. ಇವೆರಡೂ ಜೆಟ್‌ಗಳು, ರಾಕೆಟ್ ವಿಮಾನಗಳಲ್ಲ.

ಈಗಿನ ತಲೆಮಾರಿಗೆ ‘ರಾಕೆಟ್ ವಿಮಾನ’ ಎಂದರೆ ಇಸ್ರೋದ ಪುಷ್ಪಕ್. ಇದರ ವಿಷಯದಲ್ಲೂ ಎರಡು ಬೇರೆ ಪ್ರಯೋಗಗಳು ನೆನಪಿನಲ್ಲಿ ಸುಲಭವಾಗಿ ಬೆರೆಯುತ್ತವೆ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ರಾಕೆಟ್ ಬಲದಲ್ಲಿ ಮೇಲೇರಿದ ರೆಕ್ಕೆಯ ವಾಹನ ಸುಮಾರು 65 ಕಿ.ಮೀ. ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ವಾತಾವರಣಕ್ಕೆ ಮರಳಿ, ಬಂಗಾಳ ಕೊಲ್ಲಿಯ ಕಡೆಗೆ ಇಳಿಯಿತು. ಅದು ರನ್‌ವೇ ಮೇಲೆ ಇಳಿಯಲಿಲ್ಲ. ರನ್‌ವೇ ಮೇಲೆ ಇಳಿಸುವ ಪ್ರಯೋಗ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ಕೇಂದ್ರದಲ್ಲಿ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23. ಅಲ್ಲಿ ರಾಕೆಟ್ ಉರಿಯಲೇ ಇಲ್ಲ. ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು, ಅದು ತನ್ನ ದಾರಿ ತಾನೇ ನೋಡಿಕೊಂಡು ಇಳಿಯಿತು. ಮೂರನೆಯ ಸಲ ನೆಲ ಮುಟ್ಟಿದ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು. ವಿಮಾನಕ್ಕೆ ಅದು ಬಹಳ ಜೋರಿನ ಇಳಿತ, ಆದರೆ ಶಬ್ದದ ವೇಗದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಪುಷ್ಪಕ್ ಇಳಿದ ಬೆಳಗ್ಗೆ ಮಾಗಡಿಯಲ್ಲೋ ಚನ್ನಪಟ್ಟಣದಲ್ಲೋ ಸದ್ದು ಕೇಳಿದ್ದರೆ ಅದು ಪುಷ್ಪಕ್‌ನದ್ದಾಗಿರಲು ಸಾಧ್ಯವಿಲ್ಲ.

ಸದ್ದು ಬರುವುದು ಹೇಗೆ?

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಉದ್ದಗಲಕ್ಕೂ ಭಾರಿ ಸದ್ದು ಕೇಳಿತು, ಕಿಟಕಿ ಬಾಗಿಲು ಅದುರಿದವು. ಲಾಕ್‌ಡೌನ್‌ನ ನಿಶ್ಶಬ್ದದಲ್ಲಿ ಅದು ಇನ್ನೂ ಜೋರಾಗಿ ಕೇಳಿರಬೇಕು. ಭೂಕಂಪ ಎಂದವರುಂಟು, ಆಂಫಾನ್ ಚಂಡಮಾರುತದ ಪ್ರಭಾವ ಎಂದವರುಂಟು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಿವರಣೆ ಬಂತು: ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿತ್ತು. ನಗರದಿಂದ ದೂರ, 36,000 ಮತ್ತು 40,000 ಅಡಿಗಳ ನಡುವೆ ಅದು ಸೂಪರ್‌ಸಾನಿಕ್ ವೇಗದಿಂದ ಕೆಳಗಿಳಿಯುವಾಗ ಈ ಸದ್ದು ಬಂದಿರಬಹುದು. ವಿಮಾನ 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಇಂಥ ಸದ್ದು ಕೇಳಬಹುದು ಎಂದೂ ಆ ವಿವರಣೆ ಹೇಳಿತು. ಬೆಂಗಳೂರಿನಿಂದ ರಾಮನಗರಕ್ಕೆ ಇರುವುದು 50 ಕಿ.ಮೀ. ಆಸುಪಾಸು.

ಇದೇ ಸಾನಿಕ್ ಬೂಮ್. ವಿಮಾನ ಶಬ್ದಕ್ಕಿಂತ ವೇಗವಾಗಿ ಸಾಗಿದಾಗ ಅದರ ಮುಂದಿನ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗುವುದಿಲ್ಲ. ಒತ್ತಡ ಒಟ್ಟುಗೂಡಿ ಆಘಾತ ತರಂಗವಾಗುತ್ತದೆ. ಅದು ಕೋನ್ ಆಕಾರದಲ್ಲಿ ವಿಮಾನದ ಹಿಂದೆ ಹರಡುತ್ತದೆ. ಉದ್ದನೆಯ ಸೆರಗು ನೆಲದ ಮೇಲೆ ಎಳೆದುಕೊಂಡು ಹೋದಂತೆ ಎಂದುಕೊಳ್ಳಿ. ಸೆರಗು ಯಾರ ಮೇಲೆ ಹಾದುಹೋಗುತ್ತದೋ ಅವರಿಗೆ ಆ ಕ್ಷಣ ‘ಢಂ’. ವಿಮಾನದ ಮೂತಿಯದೊಂದು, ಬಾಲದ್ದೊಂದು ತರಂಗ ಇರುವುದರಿಂದ ಕೆಲವೊಮ್ಮೆ ‘ಢಂ ಢಂ’ ಎಂದು ಎರಡಾಗಿ ಕೇಳುತ್ತದೆ.

ಶಬ್ದದ ವೇಗ ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಸದ್ದು ಬರುತ್ತದೆ ಎಂಬ ನಂಬಿಕೆ ಬಹಳ ವ್ಯಾಪಕ. ಅದು ತಪ್ಪು. ಆ ವೇಗದಲ್ಲಿ ಇರುವಷ್ಟು ಹೊತ್ತೂ ಸೆರಗು ಹಿಂದೆ ಇದ್ದೇ ಇರುತ್ತದೆ, ದಾರಿಯುದ್ದಕ್ಕೂ ಇರುವ ಊರುಗಳಿಗೆ ಒಂದಾದ ಮೇಲೊಂದರಂತೆ ಸದ್ದು ತಲುಪುತ್ತದೆ. ವಿಮಾನ 12 ಕಿ.ಮೀ. ಎತ್ತರದಲ್ಲಿದ್ದರೆ ಈ ಪಟ್ಟೆಯ ಅಗಲ ಸುಮಾರು 60 ಕಿ.ಮೀ. ಆಗಬಹುದು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ನಾಲ್ಕೂ ಅದರೊಳಗೆ ಹಿಡಿಸುತ್ತವೆ.

ತಲೆ ಎತ್ತಿದಾಗ ಕಂಡದ್ದು ಯಾವುದು?

ಒಂದು ಲೆಕ್ಕ ಹಾಕೋಣ. ವಿಮಾನವೊಂದು 12 ಕಿ.ಮೀ. ಎತ್ತರದಲ್ಲಿ ಶಬ್ದದ ಒಂದೂವರೆ ಪಟ್ಟು ವೇಗದಲ್ಲಿ ರಾಮನಗರದ ನೆತ್ತಿಯ ಮೇಲೆ ಚನ್ನಪಟ್ಟಣದತ್ತ ಸಾಗುತ್ತಿದೆ. ಅದು ನೆತ್ತಿ ದಾಟಿದ ಸುಮಾರು ಅರ್ಧ ನಿಮಿಷದ ನಂತರ ರಾಮನಗರದವರಿಗೆ ಸದ್ದು ಕೇಳುತ್ತದೆ. ಅಷ್ಟರಲ್ಲಿ ವಿಮಾನ 13 ಕಿ.ಮೀ.ನಷ್ಟು ಮುಂದೆ ಹೋಗಿರುತ್ತದೆ. ರಾಮನಗರದವರು ಬೆಚ್ಚಿ ತಲೆ ಎತ್ತುವ ಹೊತ್ತಿಗೆ ಅದು ಚನ್ನಪಟ್ಟಣದ ಮೇಲಿರುತ್ತದೆ. ಅಷ್ಟು ದೂರದ, ಅಷ್ಟು ಎತ್ತರದ ಯುದ್ಧವಿಮಾನ ಬರಿಗಣ್ಣಿಗೆ ಕಾಣುವುದೇ ಕಷ್ಟ.

ಆದರೂ ತಲೆ ಎತ್ತಿದವರಿಗೆ ಏನೋ ಕಾಣುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರುವ ಹೋಗುವ ವಿಮಾನಗಳು, ಇನ್ನೂ ಎತ್ತರದಲ್ಲಿ ರಾಜ್ಯವನ್ನು ದಾಟಿ ಹೋಗುವ ವಿಮಾನಗಳು ನಮ್ಮ ಆಕಾಶದಲ್ಲಿ ದಿನವಿಡೀ ಇರುತ್ತವೆ. ಸದ್ದು ಕೇಳದಿದ್ದರೆ ಯಾರೂ ಅವುಗಳತ್ತ ನೋಡುತ್ತಿರಲಿಲ್ಲ. ಸದ್ದಿನ ಬೆನ್ನಿಗೇ ಕಂಡ ವಿಮಾನವನ್ನು ಮನಸ್ಸು ಸದ್ದಿಗೆ ಕಾರಣವೆಂದು ಗಂಟು ಹಾಕುತ್ತದೆ.

ನಮ್ಮ ನೆಲದ್ದೂ ಇದರಲ್ಲಿ ಒಂದು ಪಾತ್ರವಿದೆ. ರಾಮದೇವರಬೆಟ್ಟ, ಸಾವನದುರ್ಗದಂಥ ಬೋಳು ಬಂಡೆಗಳು ಸದ್ದನ್ನು ಗೋಡೆಯಂತೆ ಹಿಂದಕ್ಕೆ ಎಸೆಯುತ್ತವೆ. 340 ಮೀಟರ್ ದೂರದ ಬಂಡೆಗೆ ಬಡಿದ ಸದ್ದು ಎರಡು ಸೆಕೆಂಡಿನಲ್ಲಿ ಮರಳಿ ಬರುತ್ತದೆ. ಒಂದು ಸದ್ದು ಮೂರಾಗಿ ಕೇಳಬಹುದು, ಪೂರ್ವದಿಂದ ಬಂದದ್ದು ಪಶ್ಚಿಮದಿಂದ ಬಂದಂತೆ ಅನ್ನಿಸಬಹುದು.

ವರ್ಷಗಳಾದ ಮೇಲೆ ನೆನಪಿಗೆ ಏನಾಗುತ್ತದೆ?

ಎದೆ ನಡುಗಿಸಿದ ಘಟನೆ ಫೋಟೋ ತೆಗೆದಂತೆ ಮನಸ್ಸಿನಲ್ಲಿ ಉಳಿಯುತ್ತದೆ ಎಂದು ನಾವೆಲ್ಲ ನಂಬುತ್ತೇವೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ ಮನೋವಿಜ್ಞಾನಿಗಳಾದ ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಇದನ್ನು ಪರೀಕ್ಷಿಸಿದರು. ಸುದ್ದಿ ಎಲ್ಲಿ, ಯಾರಿಂದ, ಹೇಗೆ ತಿಳಿಯಿತು ಎಂದು ವಿದ್ಯಾರ್ಥಿಗಳಿಂದ ಮರುದಿನವೇ ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ ಕೆಲವರಿಂದ ಅದನ್ನೇ ಮತ್ತೆ ಬರೆಸಿದರು. ಅನೇಕರ ಎರಡನೆಯ ಉತ್ತರ ಮೊದಲನೆಯದಕ್ಕೆ ಹೊಂದಲೇ ಇಲ್ಲ. ತಪ್ಪು ಬರೆದವರಿಗೂ ತಮ್ಮ ನೆನಪಿನ ಮೇಲೆ ಪೂರ್ತಿ ಭರವಸೆ ಇತ್ತು. ಅವರ ಕೈಬರಹವನ್ನೇ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಆಮೇಲೆ ನೋಡಿದ ಟಿವಿ ದೃಶ್ಯ, ಸ್ನೇಹಿತರು ಹೇಳಿದ ಮಾತು, ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ಯಾವ ತುಣುಕು ಎಲ್ಲಿಂದ ಬಂತು ಎಂಬ ಗುರುತು ಮೊದಲು ಅಳಿಸಿಹೋಗುತ್ತದೆ. ಬಾಲ್ಯದಲ್ಲಿ ಕಂಡ ಬಿಳಿ ಗೆರೆ, ಒಂದು ಮಧ್ಯಾಹ್ನದ ಸದ್ದು, ಮ್ಯೂಸಿಯಂ ಮುಂದೆ ನಿಂತ ಮಾರುತ್, ಪುಷ್ಪಕ್ ವಿಡಿಯೊ, ಎಕ್ಸ್-15ರ ಕಥೆ ಎಲ್ಲ ಸೇರಿ ಒಂದೇ ‘ರಾಕೆಟ್ ವಿಮಾನ’ವಾಗುವುದು ಹೀಗೆ.

ಇದರಿಂದ ಯಾರಿಗೇನು ನಷ್ಟ?

ಹರಟೆಯಲ್ಲಿ ಹೇಳಿಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ನಮ್ಮ ತಾಲ್ಲೂಕುಗಳು ಕಲ್ಲಿನ ಸೀಮೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಬಂಡೆ ಇದ್ದಲ್ಲಿ ಕ್ವಾರಿ, ಕ್ವಾರಿ ಇದ್ದಲ್ಲಿ ಸಿಡಿಮದ್ದು.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಮತ್ತು ಸುತ್ತಲ ಜಿಲ್ಲೆಗಳ ಜನ ಭಾರಿ ಸದ್ದಿಗೆ ಮನೆಯಿಂದ ಹೊರಗೆ ಓಡಿ ಬಂದರು. ಮೊದಲು ಹರಡಿದ ಸುದ್ದಿ ಭೂಕಂಪ ಎಂದು. ನಿಜವಾಗಿ ಸಿಡಿದದ್ದು ಹುಣಸೋಡು ಗ್ರಾಮದ ಕ್ರಷರ್ ಬಳಿ ಇದ್ದ ಸ್ಫೋಟಕಗಳು. ಕಾರ್ಮಿಕರು ಜೀವ ಕಳೆದುಕೊಂಡಿದ್ದರು. ಒಂದು ತಿಂಗಳ ನಂತರ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಮತ್ತೆ ಸಾವುಗಳಾದವು. ಅದೇ ವರ್ಷ ನವೆಂಬರ್ 26ರಂದು ಕೆಂಗೇರಿ, ಹೆಮ್ಮಿಗೆಪುರ, ಕಗ್ಗಲೀಪುರದ ಕಡೆ ದೊಡ್ಡ ಸದ್ದು ಕೇಳಿದಾಗ ಭೂಕಂಪದ ಭೀತಿ ಹಬ್ಬಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳಲ್ಲಿ ಭೂಕಂಪದ ಗುರುತಿಲ್ಲ ಎಂದು ಹೇಳಬೇಕಾಯಿತು.

“ಅಯ್ಯೋ, ಏರ್‌ಫೋರ್ಸ್ ವಿಮಾನ ಇರ್ಬೇಕು ಬಿಡಿ” ಎನ್ನುವ ಮಾತು ಎಷ್ಟು ಸಮಾಧಾನ ಕೊಡುತ್ತದೋ ಅಷ್ಟೇ ಅಪಾಯಕಾರಿಯೂ ಆಗಬಹುದು. ಮಿತಿ ಮೀರಿದ ಕ್ವಾರಿ ಸ್ಫೋಟ ವಿಮಾನದ ಲೆಕ್ಕಕ್ಕೆ ಹೋದರೆ ಗೋಡೆ ಬಿರುಕು ಬಿಟ್ಟ ಮನೆಯವರ ದೂರಿಗೆ ಬೆಲೆ ಸಿಗುವುದಿಲ್ಲ. ವಿಮಾನದ ಸದ್ದು ಭೂಕಂಪದ ಲೆಕ್ಕಕ್ಕೆ ಹೋದರೆ ಊರೆಲ್ಲ ರಾತ್ರಿಯಿಡೀ ಬೀದಿಯಲ್ಲಿ ಕೂರಬೇಕಾಗುತ್ತದೆ.

ನಾಲ್ಕು ಊರು, ಮೂರು ಕಾರಣ

ಒಬ್ಬರೇ ಕೂತು ಸದ್ದಿನ ಮೂಲ ಹೇಳುವುದು ಕಷ್ಟ. ನಾಲ್ಕು ಊರಿನವರು ಗಡಿಯಾರ ನೋಡಿ ಬರೆದಿಟ್ಟರೆ ಬಹಳಷ್ಟು ತಿಳಿಯುತ್ತದೆ. ಮಾಗಡಿಯಿಂದ ರಾಮನಗರಕ್ಕೆ ನೇರ ದೂರ ಸುಮಾರು 27 ಕಿ.ಮೀ. ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ.

ಭೂಕಂಪವಾದರೆ: ಬಂಡೆಯೊಳಗೆ ಕಂಪನ ಸೆಕೆಂಡಿಗೆ 5ರಿಂದ 6 ಕಿ.ಮೀ. ವೇಗದಲ್ಲಿ ಓಡುತ್ತದೆ. ಎರಡೂ ಊರಿಗೆ ಕೆಲವೇ ಸೆಕೆಂಡುಗಳ ಅಂತರದಲ್ಲಿ ತಲುಪುತ್ತದೆ. ಕಾಲಡಿಯ ನೆಲ, ಮಂಚ, ಪಾತ್ರೆ ಅಲುಗುತ್ತವೆ. ಭೂಕಂಪ ಮಾಪಕದಲ್ಲಿ ಗುರುತು ಉಳಿಯುತ್ತದೆ.

ಕ್ವಾರಿ ಸ್ಫೋಟವಾದರೆ: ಒಂದು ಜಾಗದಲ್ಲಿ ಬಹಳ ಜೋರು, ದೂರ ಹೋದಂತೆ ಸದ್ದು ಬೇಗ ಕುಗ್ಗುತ್ತದೆ. ಸ್ಫೋಟದ ಜಾಗ ಐದು ಕಿ.ಮೀ. ದೂರದಲ್ಲಿದ್ದರೆ ನೆಲದ ನಡುಕ ಒಂದು ಸೆಕೆಂಡಿನ ಆಸುಪಾಸಿನಲ್ಲಿ, ಗಾಳಿಯಲ್ಲಿ ಬರುವ ಸದ್ದು ಸುಮಾರು 15 ಸೆಕೆಂಡಿನ ನಂತರ. ಮೊದಲು ನೆಲ, ಆಮೇಲೆ ಕಿವಿ. ಇದು ಒಳ್ಳೆಯ ಸುಳಿವು.

ಸಾನಿಕ್ ಬೂಮ್ ಆದರೆ: ಕಿಟಕಿ, ಬಾಗಿಲು, ತಗಡಿನ ಶೀಟು ಸದ್ದಿನ ಜೊತೆಯಲ್ಲೇ ಅದುರುತ್ತವೆ. ನಡುಕ ಗಾಳಿಯಿಂದ ಬರುತ್ತದೆ, ನೆಲದಿಂದಲ್ಲ. ದೂರದೂರದ ಊರುಗಳಲ್ಲೂ ಜೋರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮೇಲೆ ಹೇಳಿದ ವೇಗದಲ್ಲಿ ವಿಮಾನ ಮಾಗಡಿಯಿಂದ ರಾಮನಗರದತ್ತ ಹಾರಿದ್ದರೆ ಎರಡೂ ಊರಿನ ಸದ್ದಿನ ನಡುವೆ ಸುಮಾರು ಒಂದು ನಿಮಿಷದ ಅಂತರ. ಮೊದಲು ಎಲ್ಲಿ, ನಂತರ ಎಲ್ಲಿ ಎಂದು ತಿಳಿದರೆ ವಿಮಾನ ಸಾಗಿದ ದಿಕ್ಕೂ ಗೊತ್ತಾಗುತ್ತದೆ.

ಈ ಸುಳಿವುಗಳು ಅಂದಾಜಿಗೆ ಸಾಕು, ತೀರ್ಪಿಗೆ ಸಾಲದು. ಕೊನೆಯ ಮಾತು ಮಾಪಕಗಳದ್ದು ಮತ್ತು ಹಾರಾಟದ ದಾಖಲೆಗಳದ್ದು.

ಹಾಗಾದರೆ ಹವ್ಯಾಸಿಗಳ ನೆನಪು ಬೇಡವೇ?

ಖಂಡಿತ ಬೇಕು. ಎಕ್ಸ್-15ರ ಕಥೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 1967ರ ನವೆಂಬರ್ 15ರಂದು ಮೈಕಲ್ ಆಡಮ್ಸ್ ನಡೆಸುತ್ತಿದ್ದ ಎಕ್ಸ್-15 ಸುಮಾರು 81 ಕಿ.ಮೀ. ಎತ್ತರ ಮುಟ್ಟಿ ಮರಳುವಾಗ ಗಿರಕಿ ಹೊಡೆದು ಮುರಿದುಬಿತ್ತು. ಆಡಮ್ಸ್ ಬದುಕಲಿಲ್ಲ. ಏನಾಯಿತು ಎಂದು ಕಂಡುಕೊಳ್ಳಲು ನೆರವಾದದ್ದು ಹಾರಾಟದ ಅಂಕಿಅಂಶ ಮತ್ತು ಮರುಭೂಮಿಯಲ್ಲಿ ಹುಡುಕಿ ತೆಗೆದ ಕಾಕ್‌ಪಿಟ್ ಕ್ಯಾಮೆರಾದ ಫಿಲ್ಮ್. ಆ ಜಾಗವನ್ನು ಜನ ಮರೆಯುತ್ತಿದ್ದಾಗ, 1990ರ ದಶಕದಲ್ಲಿ ಅದನ್ನು ಮತ್ತೆ ಪತ್ತೆ ಮಾಡಿದವರು ಹಳೆಯ ವಿಮಾನಗಳ ಹವ್ಯಾಸಿಗಳು. 2004ರಲ್ಲಿ ಅಲ್ಲಿ ಆಡಮ್ಸ್ ಅವರ ಸ್ಮಾರಕ ಎದ್ದಿತು. ನೆನಪು ಎಲ್ಲಿ ಹುಡುಕಬೇಕೆಂದು ಹೇಳಿತು, ದಾಖಲೆ ಏನು ನಡೆಯಿತೆಂದು ಹೇಳಿತು.

ನಾವೂ ಹಾಗೆ ಮಾಡಬಹುದು. ಮುಂದಿನ ಸಲ ‘ಢಂ’ ಎಂದಾಗ ಯಾರಿಗೂ ಫೋನ್ ಮಾಡುವ ಮೊದಲು, ಯಾವ ವಿಡಿಯೊವನ್ನೂ ನೋಡುವ ಮೊದಲು ಮೊಬೈಲ್‌ನಲ್ಲಿ ಐದು ವಿಷಯ ಬರೆದಿಟ್ಟುಕೊಳ್ಳಿ: ಸಮಯ, ಸೆಕೆಂಡಿನ ಸಮೇತ. ನೀವಿದ್ದ ಜಾಗ. ಎಷ್ಟು ಸದ್ದು. ಮೊದಲು ಅಲುಗಿದ್ದು ನೆಲವೋ ಕಿಟಕಿಯೋ. ಆಕಾಶದಲ್ಲಿ ಏನಾದರೂ ಕಂಡಿದ್ದರೆ, ಅದು ಸದ್ದಿಗೆ ಮುಂಚೆಯೋ ಆಮೇಲೋ. ಇದನ್ನು ಬೇರೆ ತಾಲ್ಲೂಕಿನ ಸ್ನೇಹಿತರು ಬರೆದದ್ದರ ಜೊತೆ ಹೋಲಿಸಿ. ಸುಳಿವು ಕ್ವಾರಿಯ ಕಡೆ ತೋರಿಸಿದರೆ ಅದೇ ಟಿಪ್ಪಣಿಯೊಂದಿಗೆ ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ಹೋಗಿ. “ಜೋರು ಸದ್ದು ಬಂತು ಸಾರ್” ಎನ್ನುವುದಕ್ಕಿಂತ “ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಮೊದಲು ನೆಲ ನಡುಗಿತು, ಆಮೇಲೆ ಸದ್ದು ಬಂತು” ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

ಇನ್ನು ಮಕ್ಕಳು ಬಿಳಿ ಗೆರೆ ತೋರಿಸಿ “ರಾಕೆಟ್” ಎಂದರೆ ಬೈಯುವುದು ಬೇಡ. ಅದು ಎಷ್ಟು ಎತ್ತರದಲ್ಲಿದೆ, ಗೆರೆ ಯಾಕೆ ಬಿಳಿ, ಅದರ ಸದ್ದು ಯಾಕೆ ತಡವಾಗಿ ಕೇಳುತ್ತದೆ ಎಂದು ಅವರನ್ನೇ ಕೇಳಿ.